ಹವಳಕ್ಕೆ ಕೈ ಹಚ್ಚಿದವರು

ಮಾಲವಣ,
ತಾ. ೧೯ ಜೂನ್ ೨೦೧೬, ರವಿವಾರ

ಚಿರಂಜೀವಿ ಕುಮುದಿನಿಗೆ,

ನಿನ್ನ ಗೋರಖಮಾಮಾನ ಜೈ ಭೀಮ ಮತ್ತು ಆಶೀರ್ವಾದ. ಸಿಟ್ಟು ಇನ್ನೂ ಇಳಿದಿಲ್ಲವಾದರೆ ಜೈ ಭೀಮ ಅಷ್ಟನ್ನು ತೆಗೆದುಕೊಂಡು ಆಶೀರ್ವಾದವನ್ನು ಗಡಿಗೆಯ ಕೆಳಗೆ ಮುಚ್ಚಿಡು, ಕೆಡುವ ವಸ್ತುವಲ್ಲ.

ನನ್ನ ಫೋನು ಸದ್ಯ ನನ್ನ ಹತ್ತಿರ ಇಲ್ಲ. ದೋಣಿಯ ಹಬೀಬನಿಗೆ ನೀನು ಫೋನು ಮಾಡಿ ಹೇಳಿದ ಮಾತನ್ನು ಅವನು ಮುಟ್ಟಿಸಿದ್ದಾನೆ. ಅವನು ಹೇಳಿದ್ದು ಹಿಂದಿಯಲ್ಲಿ, ನನಗೆ ಕೇಳಿಸಿದ್ದು ನಿನ್ನ ಧ್ವನಿಯಲ್ಲಿ: "ಮಾಮಾ, ನಮ್ಮ ಮನ್ಯಾಗಿನವರಿಗೆ ಏನು ಮಾಡಿ ಕಳಿಸೀರಿ? ಮೋಟರ್‌ಸೈಕಲ್ ಸಪ್ಪಳಾದ್ರ ಸಾಕು, ಒಳಗ ಹೋಗಿ ಗ್ವಾಡಿಗಿ ಹತ್ತಿ ಕುಂದರ್ತಾರ. ಪೊಲೀಸರು ಬರ್ತಾರೋ ಇಲ್ಲೋ, ಅದೊಂದು ಹೇಳ್ರಿ."

ಬರುವುದಿಲ್ಲ. ಇದು ನನ್ನ ಮೊದಲ ಮಾತು, ನಿನ್ನ ಗಂಡ ಪಂಢರಿಗೆ ಎರಡು ಸಲ ಓದಿ ಹೇಳು. ಬೀದರಿನ ಸಾಲಿಯಲ್ಲಿ ಜವಾನನ ಕೆಲಸಕ್ಕೆ ಅವನ ಹೆಸರು ಬಂದಿದೆ, ಪೊಲೀಸ್ ತಪಾಸಣೆ ಒಂದೇ ಬಾಕಿ ಎಂದು ನನಗೂ ಗೊತ್ತಿದೆ. ಅವನ ಹೆಸರಿನ ಮೇಲೆ ಕೇಸು ಬಿದ್ದರೆ ಆ ನೌಕರಿ ಹೋಯಿತು, ನೀವಿಬ್ಬರೂ ಗಂಟು ಕಟ್ಟಿಕೊಂಡು ಹೈದರಾಬಾದಿನ ಇಟ್ಟಂಗಿ ಭಟ್ಟಿಗೆ ಗುಳೆ ಹೋದಂತೆಯೇ. ಆದರೆ ಕೇಸು ಅವನ ಮೇಲೆ ಬೀಳುವುದಿಲ್ಲ. ಹೇಗೆ ಎಂಬುದನ್ನು ಸಾವಕಾಶವಾಗಿ ಬರೆಯುತ್ತೇನೆ. ಮೇಹಕರದ ಸಾಲಿಯಲ್ಲಿ ಏಳನೆಯ ಇಯತ್ತೆ ಪಾಸಾದವನ ಕನ್ನಡ ಇದು, ತಪ್ಪು ಹುಡುಕಬೇಡ. ಇಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ, ಅದೂ ಒಂದು ಅನುಕೂಲ.

ಈಗ ನೀವಿರುವ ಚಿದ್ರಿಯ ಮನೆಯ ಬಾಗಿಲಲ್ಲಿ ಕುಳಿತು ನಿನ್ನ ಅವ್ವ, ನನ್ನ ಜಿಜಾಬಾಯಿ ಅಕ್ಕನಿಗೆ ಇದನ್ನು ದೊಡ್ಡ ಧ್ವನಿಯಲ್ಲಿ ಓದು. ತಮ್ಮನ ಪ್ರತಾಪ ಕೇಳಿದರೆ ಅವಳಿಗೆ ಊಟ ಸೇರುತ್ತದೆ. ನನ್ನ ಸಹಿ ಬಂದಲ್ಲಿ ನಿಲ್ಲಿಸು, ಅದರ ಕೆಳಗಿನದು ನಿನಗೊಬ್ಬಳಿಗೆ. ಈ ಸಾಲನ್ನು ಮಾತ್ರ ಮನಸ್ಸಿನಲ್ಲೇ ಓದಿಕೋ.

ನೀರು ಮತ್ತು ನಾನು ಎಂಬ ವಿಷಯ ನಿನಗೆ ಹೊಸದಲ್ಲ. ಭಾಲ್ಕಿ ತಾಲೂಕಿನಲ್ಲಿ ಯಾರ ಬಾವಿಗೆ ಏನು ಬಿದ್ದರೂ ಕರೆ ಬರುತ್ತಿದ್ದದ್ದು ಈ ಗೋರಖನಾಥನಿಗೆ. ಕೊಡ, ಕಾಲುಚೈನು, ಪಂಪಿನ ಪೈಪು, ಔರಾದದಲ್ಲಿ ಒಬ್ಬ ಫೌಜದಾರನ ಪಿಸ್ತೂಲು ಕೂಡ. ಹೆಣಗಳ ಮಾತು ಬೇಡ, ಅಕ್ಕ ಕೇಳುತ್ತಿದ್ದಾಳೆ. ನಮ್ಮ ಅಜ್ಜನ ಕಾಲಕ್ಕೆ ಮೇಹಕರದ ದೊಡ್ಡ ಬಾವಿಗೆ ನಮ್ಮ ಹಗ್ಗ ಇಳಿಯುವಂತಿರಲಿಲ್ಲ, ಆದರೆ ಅದೇ ಬಾವಿಗೆ ಎತ್ತು ಬಿದ್ದರೆ ನಮ್ಮ ಅಜ್ಜ ಇಳಿಯಬೇಕಿತ್ತು. ಎತ್ತನ್ನು ಮೇಲೆ ಕಳಿಸಿ, ಅಲ್ಲೇ ಕೆಳಗೆ ಹೊಟ್ಟೆ ತುಂಬ ನೀರು ಕುಡಿದು ಬರುತ್ತಿದ್ದನಂತೆ. ಆ ಮೇಲೆ ನಮ್ಮವರು ಓಣಿಯಲ್ಲಿ ನಮ್ಮದೇ ಬಾವಿ ತೋಡಿದರು. ಪ್ರತಿ ವರ್ಷ ಭೀಮ ಜಯಂತಿಯ ಮುಂಜಾನೆ ಓಣಿಯ ಗಂಡಸರೆಲ್ಲ ಅದರೊಳಗೆ ಇಳಿದು, ತೆಂಗಿನ ನಾರಿನಿಂದ ಗೋಡೆಯ ಪಾಚಿ ತಿಕ್ಕಿ, ಕಟ್ಟೆಗೆ ಸುಣ್ಣ ಹಚ್ಚಿ, ಮೊದಲ ಕೊಡ ಸೇದಿ ಎಲ್ಲರೂ ಕುಡಿಯುವುದು ನಮ್ಮ ಪದ್ಧತಿ. ನೀನು ಲಗ್ನವಾಗಿ ಎಕಂಬಾಕ್ಕೆ ಹೋದ ಮೇಲೆ ಪಂಢರಿಯೂ ಪ್ರತಿ ವರ್ಷ ಆ ಬಾವಿ ತಿಕ್ಕಲು ಬರುತ್ತಿದ್ದ. ಅಳಿಯ ಎಂದು ಮೇಲೆ ಕೂಡಿಸಿದರೆ ಸಿಟ್ಟಾಗುತ್ತಿದ್ದ.

ಮಳೆ ಕೈಕೊಟ್ಟಿತು. ಬಾವಿಗಳು ಒಣಗಿದವು. ನೀರಿಲ್ಲದ ಬಾವಿಗೆ ಮುಳುಗುವವನು ಬೇಡ, ನಿಚ್ಚಣಿಕೆ ಸಾಕು. ಹೀಗೆ ನಾನು ಗಾರೆ ಕೆಲಸಕ್ಕೆಂದು ಕೊಂಕಣದ ಈ ಬಂದರಿಗೆ ಬಂದವನು. ಒಂದು ದಿನ ಹಬೀಬನ ದೋಣಿಯ ಲಂಗರು ಹಗ್ಗ ಹರಿದು ತಳಕ್ಕೆ ಹೋಯಿತು. ಒಂದೇ ದಮ್ಮಿನಲ್ಲಿ ತಂದು ಅವನ ಕಾಲ ಬಳಿ ಇಟ್ಟೆ. ಅದನ್ನು ಅಲಕಾ ಮೇಡಂ ನೋಡಿದರು. ಇವರು ಸಮುದ್ರದ ತಳದ ಹವಳದ ದಿಬ್ಬಗಳ ಆರೋಗ್ಯ ನೋಡುವವರು. ಹವಳ ಅಂದರೆ ನಿನ್ನ ಕೊರಳ ಸರದ ಕೆಂಪು ಮಣಿ ಅಲ್ಲ. ಕಲ್ಲಿನ ಹಾಗೆ ಕಾಣುವ ಜೀವ. ಒಂದೊಂದು ಹೂಕೋಸಿನ ಹಾಗೆ, ಒಂದೊಂದು ಸಾರಂಗದ ಕೊಂಬಿನ ಹಾಗೆ. ಮೀನಿನ ಸಂಸಾರವೆಲ್ಲ ಅದರ ಸಂದಿಯಲ್ಲೇ.

ನನ್ನ ಕೆಲಸ ಏನೆಂದರೆ, ಮೇಡಂ ನೀರಿನ ಕೆಳಗೆ ಉದ್ದನೆಯ ಟೇಪು ಹಾಸುತ್ತಾರೆ, ಅದರ ಇನ್ನೊಂದು ತುದಿ ಹಿಡಿಯುವುದು. ಅವರು ಪೈಪಿನ ಚೌಕಟ್ಟು ಇಟ್ಟು ಫೋಟೋ ತೆಗೆಯುತ್ತಾರೆ, ಬಣ್ಣದ ಕಾರ್ಡನ್ನು ಹವಳದ ಪಕ್ಕ ಹಿಡಿದು ಯಾವ ಬಣ್ಣಕ್ಕೆ ಇಳಿದಿದೆ ಎಂದು ಬರೆದುಕೊಳ್ಳುತ್ತಾರೆ. ದಿಬ್ಬದ ಮೇಲೆ ನಂಬರು ಹಚ್ಚಿದ ಹವಳದ ಕಟ್ಟೆಗಳಿವೆ, ಏಳು ವರ್ಷದಿಂದ ಅವೇ ಕಟ್ಟೆಗಳನ್ನು ನೋಡುತ್ತ ಬಂದಿದ್ದಾರೆ. ನೋಡುವುದು, ಬರೆಯುವುದು, ಮೇಲೆ ಬರುವುದು. ಮುಟ್ಟುವ ಹಾಗಿಲ್ಲ.

ಹೋದ ದೀಪಾವಳಿಯ ನಂತರ ನಾನು ಫೋನಿನಲ್ಲಿ ಕೊಚ್ಚಿಕೊಂಡದ್ದು ಕೇಳಿ ಪಂಢರಿ ಬಂದ, ಎಕಂಬಾದ ನರಸಿಂಗ ಬಂದ, ಇನ್ನೂ ಇಬ್ಬರು ಬಂದರು. ಸಮುದ್ರ ಒಣಗುವುದಿಲ್ಲ ಬರ್ರಿ ಎಂದು ಕರೆದವನು ನಾನೇ. ಪ್ರವಾಸಿಗರಿಗೆ ಮುಖವಾಡ ಹಾಕಿಸಿ ಹವಳ ತೋರಿಸುವ ಒಬ್ಬ ಕಂತ್ರಾಟದಾರನ ದೋಣಿಗಳಲ್ಲಿ ಅವರಿಗೆ ಕೆಲಸ ಸಿಕ್ಕಿತು. ನನ್ನ ಕೆಲಸ ಏನೆಂದು ತಿಳಿದ ದಿನ ನರಸಿಂಗ ತಗಡಿನ ಶೆಡ್ಡಿನಲ್ಲಿ ಬಿದ್ದು ಬಿದ್ದು ನಕ್ಕ. "ಮುಟ್ಟಾಂಗಿಲ್ಲ, ತೆಗೆಯಾಂಗಿಲ್ಲ, ಬರೇ ನೋಡೋದು. ಇದು ಹೆಣ್ಣು ನೋಡಾಕ ಹೋದಂಗಾತಲ್ಲರಿ ಮಾಮಾ. ದಿನಾ ಹೋಗ್ತೀರಿ, ನೋಡ್ತೀರಿ, ಬರ್ತೀರಿ. ಲಗ್ನ ಯಾವಾಗ?" ಎಲ್ಲರೂ ನಕ್ಕರು. ಭಾಲ್ಕಿ ತಾಲೂಕಿನ ಗೋರಖನಾಥ ಟೇಪು ಹಿಡಿದು ನಿಲ್ಲುವವನು ಎಂದು ಹೇಗೆ ಒಪ್ಪಿಕೊಳ್ಳಲಿ? ನೋಡುವುದು ಮೇಡಂ ಕೆಲಸ, ಆ ದಿಬ್ಬ ತೊಳೆದು ಸರಿಮಾಡುವವನು ನಾನು ಎಂದುಬಿಟ್ಟೆ.

ಅದರ ಮರುವಾರವೇ ಮೇಡಂ ಬಂದು ದೋಣಿಯ ಆಳುಗಳನ್ನೆಲ್ಲ ಕೂಡಿಸಿ, ಹವಳಕ್ಕೆ ಯಾರೂ ಕೈ ಹಚ್ಚಬಾರದು, ಕಾಲು ತಾಗಿಸಬಾರದು, ಕಾಯ್ದೆ ಇದೆ, ಜೇಲಾಗುತ್ತದೆ ಎಂದು ಹೇಳಿ ಹೋದರು. ಅವರು ಹೇಳಿದ್ದು ಎಲ್ಲರಿಗೂ. ಆದರೆ ಪಂಢರಿಯ ಮುಖ ನೀನು ನೋಡಬೇಕಿತ್ತು. ಸಂಜೆ ಬಂದು ನನ್ನ ಮುಂದೆ ಕುಳಿತ. "ನಮ್ಮ ಮುತ್ತ್ಯಾಗೂ ಹಿಂಗೇ ಹೇಳಿದ್ರು ಮಾಮಾ. ಅವಾಗ ಬಾವಿ, ಈಗ ಸಮುದ್ರ" ಎಂದ. ಹಾಗಲ್ಲಪ್ಪ, ಅದು ನಾಜೂಕು ಜೀವ, ಮೇಡಂ ತಾವೂ ಮುಟ್ಟುವುದಿಲ್ಲ ಎಂದು ಹೇಳಿದ್ದರೆ ಮಾತು ಮುಗಿಯುತ್ತಿತ್ತು. ಹಾಗೆ ಹೇಳಿದರೆ ತೊಳೆಯುವ ನನ್ನ ದೊಡ್ಡಸ್ತಿಕೆ ಹೋಗುತ್ತದಲ್ಲ. ಆ ನಿಯಮ ನಿಮ್ಮಂಥವರಿಗೆ, ನನಗೆ ಪರವಾನಗಿ ಇದೆ ಎಂದೆ. ಅವನು, "ಒಬ್ಬಂವ ಮುಟ್ಟಬಹುದು, ಒಬ್ಬಂವ ಮುಟ್ಟಬಾರದು ಅಂದ್ರ ಅದು ಎಂಥಾ ಕಾಯ್ದೆ?" ಎಂದು ಎದ್ದುಹೋದ.

ಮಾರ್ಚಿನಲ್ಲಿ ನೀರು ಕಾಯಿತು. ಬಾವಿಯ ನೀರು ಬೇಸಿಗೆಗೆ ತಂಪು, ಕೆಳಗೆ ಹೋದಷ್ಟೂ ತಂಪು. ಇಲ್ಲಿ ದಿಬ್ಬದ ಮೇಲೆಯೂ ಸ್ನಾನಕ್ಕೆ ಕಾಯಿಸಿ ಇಟ್ಟ ಹಾಗಿತ್ತು. ಒಂದು ಮುಂಜಾನೆ ಇಳಿದರೆ ಕಂದು, ಹಸಿರು ಇದ್ದ ಹವಳವೆಲ್ಲ ಬೆಳ್ಳಗೆ. ಹಾಲಿನಷ್ಟು ಬೆಳ್ಳಗೆ. ನೋಡಿ ನನಗೆ ಖುಷಿಯೋ ಖುಷಿ. ಅವತ್ತು ನಿನಗೇ ಫೋನು ಮಾಡಿ, ಜಯಂತಿ ಬಂತೆಂದು ಸಮುದ್ರ ತಾನೇ ಸುಣ್ಣ ಬಳಿದುಕೊಂಡಿದೆ ಎಂದೆ, ನೀನೂ ನಕ್ಕೆ. ದೋಣಿಗೆ ಬಂದು ನೋಡಿದರೆ ಮೇಡಂ ಮುಖ ಮುಚ್ಚಿಕೊಂಡು ಕುಳಿತಿದ್ದಾರೆ.

ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಂದು ಇರುತ್ತದೆ. ಅದೇ ಅದಕ್ಕೆ ಬಣ್ಣ, ಅದೇ ಅನ್ನ ಬೇಯಿಸಿ ಹಾಕುವುದು. ನೀರು ಕಾದರೆ ಆ ಪಾಚಿ ಗುಳೆ ಹೋಗುತ್ತದೆ. ಒಲೆ ಆರಿದ ಮನೆಯಲ್ಲಿ ಹವಳ ಉಪವಾಸ ಬಿದ್ದಿರುತ್ತದೆ. ಬೆಳ್ಳಗಾಗಿದೆ ಅಂದರೆ ಸತ್ತಿಲ್ಲ, ಸಾಯುತ್ತಿದೆ. ನೀರು ಬೇಗ ತಂಪಾದರೆ ಪಾಚಿ ತಿರುಗಿ ಬಂದೀತು, ಅಲ್ಲಿಯವರೆಗೆ ಅದನ್ನು ಗಾಳಿಗೂ ಅಲುಗಿಸಬಾರದು. ಅವರು ಇನ್ನೊಂದು ಮಾತು ಹೇಳಿದರು. ದೂರದ ದೊಡ್ಡ ಸಮುದ್ರ ಕಾದ ವರ್ಷ ಇತ್ತ ಹವಳ ಬೆಳ್ಳಗಾಗುತ್ತದೆ, ಅತ್ತ ನಿಮ್ಮ ಕಡೆ ಮಳೆ ಹಿಂದೆ ಸರಿಯುತ್ತದೆ, ಎರಡಕ್ಕೂ ಬೇರು ಒಂದೇ ಎಂದರು. ಯಾವುದಕ್ಕೆ ಹೆದರಿ ಮೇಹಕರ ಬಿಟ್ಟು ಬಂದೆವೋ ಅದು ನಮಗಿಂತ ಮೊದಲು ಇಲ್ಲಿಗೆ ಬಂದು ಕುಳಿತಿತ್ತು. ಇದನ್ನು ನಾನು ಶೆಡ್ಡಿನಲ್ಲಿ ಯಾರಿಗೂ ಹೇಳಲಿಲ್ಲ. ಕರೆತಂದವನು ಯಾವ ಬಾಯಿಂದ ಹೇಳಲಿ?

ಜಯಂತಿ ಬಂತು. ಹಿಂದಿನ ದಿನ ಮೇಹಕರದಿಂದ ಫೋನು ಬಂದಿತ್ತು, ಓಣಿಯ ಬಾವಿಯ ತಳದಲ್ಲಿ ಹುಡುಗರು ಕ್ರಿಕೆಟ್ ಆಡಲತ್ತಾರ, ಈ ವರ್ಷ ತಿಕ್ಕಾಕ ಏನೂ ಇಲ್ಲ ಎಂದು. ಪಂಢರಿ ಆ ದಿನ ಊಟ ಮಾಡಲಿಲ್ಲ. ಮುಂಜಾನೆ ನಾನು ಮೇಡಂ ಜೊತೆ ಹಬೀಬನ ದೋಣಿಯಲ್ಲಿ ದೂರದ ದಿಬ್ಬಕ್ಕೆ ಹೋದೆ. ನಾವು ಅತ್ತ ಹೋದ ಮೇಲೆ ಇವರು ಕಂತ್ರಾಟದಾರನ ಸಣ್ಣ ದೋಣಿಗೆ ನೀಲಿ ನಿಶಾನಿ ಕಟ್ಟಿ, ತೆಂಗಿನ ನಾರು, ದೋಣಿ ತಿಕ್ಕುವ ತಂತಿ ಬ್ರಷ್ಷು ತೆಗೆದುಕೊಂಡು ಹತ್ತಿರದ ದಿಬ್ಬಕ್ಕೆ ಹೋದರು. ಬೇನೆ ಬಿದ್ದ ಹವಳ ತನ್ನ ಮೈಗೆ ಲೋಳಿ ಸುರಿಸಿಕೊಂಡು ಅದರೊಳಗೆ ಅಡಗಿರುತ್ತದೆ. ಇವರ ಕಣ್ಣಿಗೆ ಅದು ಬಾವಿಯ ಹೊಲಸು. ನಂಬರಿನ ಕಟ್ಟೆಗಳನ್ನೆಲ್ಲ ತಿಕ್ಕಿದರು. ನಮ್ಮ ಕೈ ಹತ್ತಿದರೆ ನೀರು ಕೆಡುವುದಿಲ್ಲ, ಸ್ವಚ್ಛ ಆಗುತ್ತದೆ ಎಂದು ತೋರಿಸಬೇಕಿತ್ತು ಅವರಿಗೆ. ತಿಕ್ಕಿದ ಮೇಲೆ ಸಮುದ್ರದ ಉಪ್ಪು ನೀರನ್ನೇ ಬೊಗಸೆಯಲ್ಲಿ ಎತ್ತಿ ಒಂದೊಂದು ಗುಟುಕು ಕುಡಿದರಂತೆ.

ಮಧ್ಯಾಹ್ನ ನಾನು ದಂಡೆಗೆ ಬಂದಾಗ ಪಂಢರಿ ಬಾಯಿಗೆ ಪೇಡೆ ಇಟ್ಟ. "ನಿಮ್ಮ ಕೆಲಸ ಅರ್ಧ ನಾವೇ ಮಾಡೀವಿ ಮಾಮಾ, ಹೋಗಿ ನೋಡ್ರಿ" ಎಂದ. ಅವನ ಮುಖದಲ್ಲಿ ಅಂಥ ನಗೆ ನಿಮ್ಮ ಲಗ್ನದಲ್ಲೂ ನೋಡಿರಲಿಲ್ಲ. ನಾನು ಒಬ್ಬನೇ ಈಜಿ ಹೋಗಿ ಇಳಿದೆ. ಹವಳದ ಚರ್ಮ ಎಳೆ ಎಳೆಯಾಗಿ ನೀರಿನಲ್ಲಿ ತೇಲುತ್ತಿತ್ತು, ಮೀನುಗಳು ತಿನ್ನುತ್ತಿದ್ದವು. ಎಷ್ಟೋ ಬಾವಿಗಳಿಂದ ಏನೇನೋ ಎತ್ತಿದ್ದೇನೆ ಕುಮುದಿನಿ, ಅಂದು ದಮ್ಮು ಇದ್ದಾಗಲೇ ಮೇಲೆ ಬಂದುಬಿಟ್ಟೆ.

ಪಂಢರಿಗೆ ಏನೂ ಬೈಯಲಿಲ್ಲ. ಅದು ಜೀವ ಇತ್ತಪ್ಪ, ಈಗಿಲ್ಲ ಎಂದಷ್ಟೇ ಹೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ. ಅದೇ ಸಂಜೆ ಸೊಲ್ಲಾಪುರದ ಬಸ್ಸಿಗೆ ನಾಲ್ವರನ್ನೂ ಹತ್ತಿಸಿದೆ. ಹಿಂದೆಮುಂದೆ ಹೇಳದೆ ಗಂಡ ಮನೆಗೆ ಬಂದ ಎಂದು ನೀನು ಸಿಟ್ಟಾಗಿದ್ದು ಸರಿಯೇ.

ಇನ್ನು ಕೇಸಿನ ಮಾತು. ನೀಲಿ ನಿಶಾನಿಯ ದೋಣಿಯನ್ನು ಯಾರೋ ಪ್ರವಾಸಿಗರು ದೂರದಿಂದ ಫೋಟೋ ತೆಗೆದಿದ್ದರು, ಮುಖ ಕಾಣುವುದಿಲ್ಲ. ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಬೀದರ ಕಡೆಯವರ ಶೆಡ್ಡು ಯಾವುದು ಎಂದು ಕೇಳುತ್ತಿರುವಾಗಲೇ ಒಬ್ಬ ಮುದುಕ ತಾನಾಗಿ ಹೋಗಿ, ಮಾಡಿದ್ದು ನಾನೇ, ಒಬ್ಬನೇ ಎಂದುಬಿಟ್ಟ. ನಿಮಗೆ ಗೊತ್ತಿಲ್ಲ ಅವನು, ಸೊಲ್ಲಾಪುರ ಸೀಮೆಯವನು, ಬಾಯಿಬಡುಕ. ಸಾಹೇಬರು ನಂಬಲಿಲ್ಲ. ಒಬ್ಬ ಮನುಷ್ಯ ಒಂದು ಮುಂಜಾನೆಯಲ್ಲಿ ಅಷ್ಟು ಜಾಗ ತಿಕ್ಕಲು ಸಾಧ್ಯವೇ ಇಲ್ಲ, ಜೊತೆಗಿದ್ದವರ ಹೆಸರು ಹೇಳು ಎಂದರು. ನಿಮ್ಮ ಕೊಂಕಣದವರಿಗೆ ಸಾಧ್ಯವಿಲ್ಲ ಸಾಹೇಬ ಎಂದ ಮುದುಕ. ಹಾಗಾದರೆ ತೋರಿಸು ಎಂದು ದೋಣಿ ನಿಲ್ಲುವ ಧಕ್ಕೆಯ ಪಕ್ಕ, ಹವಳ ಇಲ್ಲದ ಬರೀ ಪಾಚಿ ಬಂಡೆಯ ಹತ್ತಿರ ಕರೆದುಕೊಂಡು ಹೋದರು. ಬ್ರಷ್ಷು ಕೊಟ್ಟರು, ಕೈಗಡಿಯಾರ ಬಿಚ್ಚಿ ಹಿಡಿದುಕೊಂಡರು.

ಅಕ್ಕ, ಇದನ್ನು ಗಮನವಿಟ್ಟು ಕೇಳು. ಆ ಮುದುಕನ ದಮ್ಮು ಏನೆಂದು ಬಣ್ಣಿಸಲಿ. ಇಳಿದನೆಂದರೆ ದಂಡೆಯವರು ಸತ್ತನೆಂದೇ ತಿಳಿಯಬೇಕು, ಆಗ ತಲೆ ಎತ್ತುವವನು. ಎತ್ತಿ, ಒಂದು ಸಲ ಉಸಿರೆಳೆದು, ಮತ್ತೆ ಕೆಳಗೆ. ಬಿಸಿಲು ನೆತ್ತಿಗೆ ಬರುವವರೆಗೆ ಇದೇ. ಬಂಡೆ ಹೊಸ ಹಂಚಿನ ಹಾಗೆ ಹೊಳೆಯಿತು. ನಡುವೆ ಅವನ ಎಡಗಿವಿಯಿಂದ ರಕ್ತ ಬಂತು, ಉಪ್ಪು ನೀರಿನಲ್ಲೇ ಒರೆಸಿಕೊಂಡು, "ಇನ್ನೊಂದು ಬಂಡೆ ತೋರಿಸ್ರಿ ಸಾಹೇಬ, ಕೈ ಈಗ ಬಿಸಿ ಆಗ್ಯಾವ" ಎಂದ. ಸಾಹೇಬರು ಗಡಿಯಾರ ಕಟ್ಟಿಕೊಂಡರು. ಅವನ ಒಬ್ಬನ ಹೆಸರೇ ಬರೆದುಕೊಂಡರು. ಜನ್ಮವೆಲ್ಲ ಕೊಚ್ಚಿಕೊಂಡ ಮುದುಕ ಅವನು, ಅವನ ಮಾತನ್ನು ಸರಕಾರ ಬರೆದುಕೊಂಡು ಸಹಿ ಮಾಡಿಸಿಕೊಂಡದ್ದು ಅದೇ ಮೊದಲು.

ಹವಳದ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಮೇ ಕೊನೆಗೆ, ಮಳೆಗಾಲಕ್ಕೆಂದು ದೋಣಿ ನಿಲ್ಲಿಸಿ ಸಮುದ್ರ ಮುಚ್ಚುವ ಮೊದಲು, ಮೇಡಂ ಕೊನೆಯ ಸಲ ಇಳಿದರು. ನಾನು ಹೋಗಲಿಲ್ಲ. ನಮ್ಮವರು ತಿಕ್ಕಿದ ಕಟ್ಟೆಗಳಲ್ಲಿ ಏನೂ ಉಳಿದಿಲ್ಲವಂತೆ. ಯಾರೂ ಮುಟ್ಟದ ದೂರದ ದಿಬ್ಬದಲ್ಲೂ ಬಹಳಷ್ಟು ಸತ್ತು ಕಂದು ಪಾಚಿ ಹತ್ತಿದೆ, ಅಲ್ಲೊಂದು ಇಲ್ಲೊಂದು ತುದಿ ಮಾತ್ರ ಬಣ್ಣ ಹಿಡಿದಿದೆ ಎಂದು ಹಬೀಬ ಹೇಳಿದ. ಪಂಢರಿಗೆ ಇದನ್ನು ಸಮಾಧಾನಕ್ಕೆ ಹೇಳಬೇಡ. ತಿಕ್ಕದೆ ಬಿಟ್ಟಿದ್ದರೆ ಇವೂ ಅಲ್ಲೊಂದು ಇಲ್ಲೊಂದು ಉಳಿಯುತ್ತಿದ್ದವು ಎಂದು ಅವನಿಗೆ ಗೊತ್ತಾಗುತ್ತದೆ, ದಡ್ಡನಲ್ಲ.

ಅವನನ್ನು ತಪಾಸಣೆಗೆ ಧೈರ್ಯದಿಂದ ಕಳಿಸು. ಸಾಲಿಯಲ್ಲಿ ಗಂಟೆ ಹೊಡೆಯಲಿ, ಹುಡುಗರಿಗೆ ನೀರು ತುಂಬಿಡಲಿ. ಅಕ್ಕ ಕಾಲಕಾಲಕ್ಕೆ ಗುಳಿಗೆ ತೆಗೆದುಕೊಳ್ಳಲಿ. ಇಲ್ಲಿ ಮಳೆ ಹಿಡಿದಿದೆ, ನಿಮ್ಮ ಕಡೆಯೂ ಬರುತ್ತದೆ ಅನ್ನುತ್ತಾರೆ. ಬಂದಾಗ ನೋಡೋಣ.

ನೀರಿಗೆ ಹೆದರದ ನಿನ್ನ ಮಾಮಾ,
ಗೋರಖನಾಥ, ಮೇಹಕರ

ತಾ.ಕ.: ಇಲ್ಲಿಂದ ಅಕ್ಕನಿಗೆ ಓದಬೇಡ. ಆ ಮುದುಕ ಯಾರೆಂದು ನಿನಗೆ ತಿಳಿದೇ ಇದೆ. ಈ ಪತ್ರವನ್ನು ಜೇಲಿನಲ್ಲಿ ಕುಳಿತು ಬರೆದು ಹಬೀಬನ ಕೈಗೆ ಕೊಡುತ್ತಿದ್ದೇನೆ. ಜಾಮೀನು ಸಿಗಲಿಲ್ಲ. ಶಿಕ್ಷೆ ವರ್ಷಗಳ ಲೆಕ್ಕ ಎನ್ನುತ್ತಾರೆ. ಎಡಗಿವಿ ಕೇಳುವುದಿಲ್ಲ. ಅಕ್ಕನಿಗೆ ನಾನು ಸಮುದ್ರದಲ್ಲಿದ್ದೇನೆ ಎಂದೇ ಹೇಳುತ್ತಿರು.

ಪಂಢರಿ ಇದನ್ನು ತಿಳಿದರೆ ಬಂದು ಒಪ್ಪಿಕೊಳ್ಳುತ್ತೇನೆ ಎನ್ನುತ್ತಾನೆ. ಬಿಡಬೇಡ. ಸಾಹೇಬರು ಕೊನೆಗೆ ಮೇಡಂ ಅವರನ್ನು ಕರೆಸಿ, ಜಯಂತಿಯ ಮುಂಜಾನೆ ಇವನು ನಿಮ್ಮ ಜೊತೆ ಇದ್ದನೇ ಎಂದು ಕೇಳಿದರು. ನಾನು ಅಲ್ಲೇ ನಿಂತಿದ್ದೆ. ಅವರು ನನ್ನ ಕಿವಿಗೆ ಇಟ್ಟ ಹತ್ತಿಯನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆ ಮೇಲೆ, ಇರಲಿಲ್ಲ ಎಂದು ಬರೆದು ಸಹಿ ಹಾಕಿದರು. ಕಂಡದ್ದನ್ನು ಬಿಟ್ಟು ಒಂದಕ್ಷರ ಬರೆದ ಹೆಣ್ಣಲ್ಲ ಅದು. ಪಂಢರಿ ಬಂದು ನಿಜ ಹೇಳಿದರೆ, ಅವಳು ಏಳು ವರ್ಷ ಆ ನೀರಿನ ಕೆಳಗೆ ನೋಡಿ ಬರೆದದ್ದನ್ನು ಯಾರೂ ನಂಬುವುದಿಲ್ಲ.